ಮಗುವಿಗೆ ಪಾಠ, ಇಲಿಗೆ ಪ್ರಾಣಸಂಕಟ

ಪೇಟೆಯ ಮನೆಗಳಲ್ಲಿ ಒಂದು ಸಲಹೆ ಬಹಳ ಸಲೀಸಾಗಿ ಓಡಾಡುತ್ತಿದೆ. ಮಗು ನಾಯಿ ಬೇಕೆಂದು ಹಟ ಹಿಡಿದರೆ ತಕ್ಷಣ ನಾಯಿ ತರಬೇಡಿ. ಮೊದಲು ಸಣ್ಣದೊಂದು ಪ್ರಾಣಿ ಕೊಡಿಸಿ. ಮಗು ಅದಕ್ಕೆ ಹೊತ್ತಿಗೆ ಸರಿಯಾಗಿ ಕಾಳು ಹಾಕುತ್ತದೆಯೇ, ಪಂಜರ ಸ್ವಚ್ಛ ಮಾಡುತ್ತದೆಯೇ, ನಾಲ್ಕೇ ದಿನಕ್ಕೆ ಬೇಸರಪಟ್ಟು ಬಿಡುತ್ತದೆಯೇ ನೋಡಿ. ಪಾಸಾದರೆ ಆಮೇಲೆ ನಾಯಿಯ ಮಾತು. ಈ ‘ಸಣ್ಣ ಪ್ರಾಣಿ’ಗಳ ಪಟ್ಟಿಯಲ್ಲಿ ಹ್ಯಾಮ್‌ಸ್ಟರ್, ಗಿನಿಪಿಗ್, ಬಿಳಿ ಇಲಿಗಳ ಜೊತೆಗೆ ಜರ್ಬಿಲ್‌ನ ಹೆಸರೂ ಇದೆ.

ಜರ್ಬಿಲ್ ಎಂದರೆ ಬಯಲಿನಲ್ಲಿ, ಮರಳುಗಾಡಿನಂಚಿನಲ್ಲಿ ಬಿಲ ತೋಡಿ ಬದುಕುವ ಇಲಿ. ದೊಡ್ಡ ಕಪ್ಪು ಕಣ್ಣು, ಮೈಯಷ್ಟೇ ಉದ್ದದ ಬಾಲ, ಬಾಲದ ತುದಿಗೆ ಕೂದಲಿನ ಕುಚ್ಚು. ಹಿಂಗಾಲಿನ ಮೇಲೆ ನಿಂತು ಸುತ್ತ ನೋಡುತ್ತದೆ. ಮುದ್ದಾಗಿದೆ, ಸಂಶಯವಿಲ್ಲ. ಅದರ ಪರವಾಗಿ ಹೇಳುವ ಮಾತುಗಳೂ ಬಹಳ. ವಾಸನೆ ಕಡಿಮೆ. ಉಚ್ಚೆ ಕಡಿಮೆ. ಕಚ್ಚುವುದು ಅಪರೂಪ. ಹ್ಯಾಮ್‌ಸ್ಟರ್‌ನಂತೆ ಹಗಲೆಲ್ಲ ಮಲಗುವುದಿಲ್ಲ, ಮಗು ಶಾಲೆಯಿಂದ ಬಂದಾಗ ಎಚ್ಚರವಿರುತ್ತದೆ. ಜಾಗ ಹೆಚ್ಚು ಬೇಡ. ಬೆಲೆ ಕಡಿಮೆ. ಬದುಕುವುದು ಎರಡರಿಂದ ನಾಲ್ಕು ವರ್ಷ. ನಾಯಿಯಂತೆ ಹತ್ತು ಹನ್ನೆರಡು ವರ್ಷ ಕಟ್ಟಿಕೊಳ್ಳಬೇಕಿಲ್ಲ.

ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಬಹುಪಾಲು ನಿಜವೇ. ಆದರೆ ಇದರಲ್ಲಿ ಇಲಿಯ ಕಡೆಯಿಂದ ಹೇಳಿದ ಮಾತು ಒಂದೂ ಇಲ್ಲ. ಎಲ್ಲವೂ ಮನೆಯವರ ಅನುಕೂಲ. ನೀರಿಲ್ಲದ ನಾಡಿನಲ್ಲಿ ಹನಿ ಹನಿ ಉಳಿಸಿ ಬದುಕಲು ಅದರ ಮೂತ್ರಪಿಂಡ ಕಲಿತ ವಿದ್ಯೆ ನಮ್ಮ ಮನೆಯಲ್ಲಿ ‘ವಾಸನೆ ಕಡಿಮೆ’ ಎಂಬ ಗುಣವಾಯಿತು. ಬೇಗ ಸಾಯುವುದು ಕೂಡ ಗುಣಗಳ ಸಾಲಿಗೇ ಸೇರಿತು.

ನನ್ನ ತಕರಾರು ಇರುವುದು ಇಲಿಯ ಮೇಲಲ್ಲ, ಮಗುವಿನ ಮೇಲಂತೂ ಅಲ್ಲ. ‘ಮೊದಲ ಸಾಕುಪ್ರಾಣಿ’ ಎನ್ನುವಲ್ಲಿನ ‘ಮೊದಲ’ ಎಂಬ ಒಂದೇ ಪದದ ಮೇಲೆ. ಮೊದಲನೆಯದು ಎಂದ ಮೇಲೆ ಎರಡನೆಯದು ಇದೆ ಎಂದಾಯಿತು. ಆ ಎರಡನೆಯದೇ ನಿಜವಾದದ್ದು, ಇದು ಅದಕ್ಕೆ ತಾಲೀಮು. ತಾಲೀಮಿನಲ್ಲಿ ತಪ್ಪಾಗುತ್ತದೆ, ಆಗಲಿ ಎಂದೇ ತಾಲೀಮು. ಹಾಗಾದರೆ ಆ ತಪ್ಪಿನ ಲೆಕ್ಕವನ್ನು ತೀರಿಸುವವರು ಯಾರು? ನೀರು ಹಾಕಲು ಮರೆತ ದಿನ ಬಾಯಾರುವುದು ಯಾರಿಗೆ? ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಎಂಬ ಗಾದೆಯಲ್ಲಿ ಬೆಕ್ಕಿಗಾದರೂ ಹಸಿವಿನ ನೆಪವಿದೆ. ಇಲ್ಲಿ ಆ ಜಾಗದಲ್ಲಿ ನಾವು ‘ಜವಾಬ್ದಾರಿಯ ಪಾಠ’ವನ್ನು ಕೂರಿಸಿದ್ದೇವೆ.

ಈ ಪ್ರಾಣಿ ನಮ್ಮ ಮನೆಗಳ ತನಕ ಬಂದ ದಾರಿಯನ್ನು ತಿಳಿದರೆ ತಾಲೀಮಿನ ಮಾತು ಇನ್ನಷ್ಟು ಕಹಿಯಾಗುತ್ತದೆ. ಪಂಜರಗಳಲ್ಲಿ ಸಾಕುವುದು ಹೆಚ್ಚಾಗಿ ಮಂಗೋಲಿಯಾದ ಜರ್ಬಿಲ್ ಅನ್ನು. 1935ರಲ್ಲಿ ಅಮೂರ್ ನದಿಯ ಬಯಲಿನಲ್ಲಿ ಇಪ್ಪತ್ತು ಜೊತೆ ಇಲಿಗಳನ್ನು ಹಿಡಿದು ಜಪಾನಿನ ಪ್ರಯೋಗಾಲಯಕ್ಕೆ ಒಯ್ದರು. ಅವುಗಳ ಸಂತತಿಯಲ್ಲಿ ಹನ್ನೊಂದು ಜೊತೆ 1954ರಲ್ಲಿ ಅಮೆರಿಕಕ್ಕೆ ಹೋದವು. ಇವತ್ತು ಪಶ್ಚಿಮದ ಪ್ರಯೋಗಾಲಯಗಳಲ್ಲಿ, ಮನೆಗಳಲ್ಲಿ ಇರುವ ಜರ್ಬಿಲ್‌ಗಳಲ್ಲಿ ಬಹುಪಾಲು ಆ ಕೆಲವೇ ಜೀವಗಳ ಮೊಮ್ಮಕ್ಕಳ ಮೊಮ್ಮಕ್ಕಳು. ಪ್ರಯೋಗಾಲಯಕ್ಕೆ ಅವು ಪ್ರಿಯವಾದದ್ದಕ್ಕೆ ಕಾರಣಗಳಿವೆ. ಅವುಗಳ ಮಿದುಳಿಗೆ ರಕ್ತ ಹರಿಯುವ ನಾಳಗಳ ರಚನೆ ಪಾರ್ಶ್ವವಾಯುವಿನ ಅಧ್ಯಯನಕ್ಕೆ ಅನುಕೂಲ. ಅವುಗಳಲ್ಲಿ ಹಲವಕ್ಕೆ ಮೂರ್ಛೆರೋಗ ವಂಶಪಾರಂಪರ್ಯವಾಗಿ ಬರುತ್ತದೆ. ಹೊಸ ಜಾಗಕ್ಕೆ ಬಿಟ್ಟರೆ, ಏಕಾಏಕಿ ಕೈಯಲ್ಲಿ ಹಿಡಿದರೆ ಸೆಟೆದುಕೊಂಡು ನಡುಗುತ್ತವೆ. ಹೊಸ ಜಾಗ, ಏಕಾಏಕಿ ಹಿಡಿಯುವ ಕೈ: ಎಂಟು ವರ್ಷದ ಮಗುವಿರುವ ಮನೆಯಲ್ಲಿ ಮೊದಲ ದಿನವೇ ಸಿಗುವುದು ಇವೆರಡೇ. ಇನ್ನು ಬಾಲ. ಹದ್ದೋ ಹಾವೋ ಹಿಡಿದರೆ ಜಾರಿಕೊಳ್ಳಲಿ ಎಂದು ಅದರ ಬಾಲದ ಚರ್ಮ ಕಳಚಿ ಬರುವಂತಿದೆ. ಮಗುವಿಗೆ ಹಿಡಿಯಲು ಎಲ್ಲಕ್ಕಿಂತ ಸುಲಭ ಕಾಣುವುದು ಆ ಬಾಲವೇ. ಒಮ್ಮೆ ಕಳಚಿದ ಚರ್ಮ ಮತ್ತೆ ಬೆಳೆಯುವುದಿಲ್ಲ.

ಬೆಂಗಳೂರಿನಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿ ಕಳೆದ ವರ್ಷ ಒಂದು ಜರ್ಬಿಲ್ ಇತ್ತು. ಅಕ್ಕನ ಮಗ ಮೂರನೆಯ ಇಯತ್ತೆ. ಯುನಿವರ್ಸಿಟಿ ಕೆಲಸಕ್ಕೆಂದು ಹೋದಾಗ ಅವನ ಕೋಣೆಯಲ್ಲೇ ನನ್ನ ಹಾಸಿಗೆ. ರಾತ್ರಿ ದೀಪ ಆರಿಸಿದ ಮೇಲೆ ಪಂಜರದ ಮೂಲೆಯಿಂದ ಕರಕರ ಸದ್ದು ಶುರುವಾಯಿತು. ಪ್ಲಾಸ್ಟಿಕ್ ತಳವನ್ನು ಮುಂಗಾಲಿನಿಂದ ಕೆರೆಯುವುದು, ನಿಲ್ಲುವುದು, ಮತ್ತೆ ಅದೇ ಮೂಲೆ, ಮತ್ತೆ ಅದೇ ಲಯ. ಮೊಬೈಲ್ ಬೆಳಕು ಹಿಡಿದು ನೋಡಿದೆ. ಮರದ ಹೊಟ್ಟು ಎಲ್ಲ ಹಿಂದಕ್ಕೆ ಸರಿದಿತ್ತು, ಬರೀ ತಳ ಉಳಿದಿತ್ತು. ಬೆಳಿಗ್ಗೆ ಕೇಳಿದರೆ ಹುಡುಗ ಹೆಮ್ಮೆಯಿಂದ ಹೇಳಿದ: “ಅದು ದಿನಾ ಆಟ ಆಡ್ತದ ಮಾಮಾ.” ಅವನ ತಪ್ಪೇನೂ ಇಲ್ಲ. ಅಂಗಡಿಯವರು ಅವನಿಗೆ ಹೇಳಿ ಕಳಿಸಿದ್ದೇ ಹಾಗೆ.

ಅದು ಆಟವಲ್ಲ. ಪಂಜರದ ಜರ್ಬಿಲ್‌ಗಳು ಹೀಗೆ ಮೂಲೆ ಕೆರೆಯುವುದು ಎಷ್ಟು ಸಾಮಾನ್ಯವೆಂದರೆ ಅದರ ಬಗ್ಗೆಯೇ ಅಧ್ಯಯನಗಳಿವೆ. ಕ್ರಿಸ್ಟೋಫ್ ವೀಡನ್‌ಮೇಯರ್ ಎಂಬ ವಿಜ್ಞಾನಿ 1997ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಶ್ನೆ ಸರಳವಾಗಿತ್ತು: ಈ ಇಲಿಗಳು ಇಷ್ಟೊಂದು ಕೆರೆಯುವುದು ತೋಡಲು ಮಣ್ಣಿಲ್ಲದ್ದಕ್ಕೋ, ಅಥವಾ ಬೇರೇನೋ ಇಲ್ಲದ್ದಕ್ಕೋ? ತೋಡಲು ಒಣ ಮರಳು ಕೊಟ್ಟು ನೋಡಿದರು. ಮರಿಗಳು ಮರಳಿದ್ದರೂ ಮೂಲೆ ಕೆರೆಯುವ ಚಟ ಹತ್ತಿಸಿಕೊಂಡವು. ಆಮೇಲೆ ಸುರಂಗದ ಮೂಲಕ ಒಳಹೋಗುವಂಥ ಕತ್ತಲ ಗೂಡೊಂದನ್ನು ಸಿದ್ಧವಾಗಿಯೇ ಕೊಟ್ಟರು. ಆ ಮರಿಗಳು ಕೆರೆಯುವ ಚಟಕ್ಕೆ ಬೀಳಲಿಲ್ಲ. ಗೂಡಿದ್ದು ಸುರಂಗವಿಲ್ಲದಿದ್ದರೆ ಅದು ಸಾಲಲಿಲ್ಲ. ಅಂದರೆ ಇಲಿಗೆ ಬೇಕಿದ್ದದ್ದು ಬರೀ ತೋಡುವ ಕೆಲಸವಲ್ಲ, ತೋಡಿ ತಲುಪುವ ಮನೆ. ಅಕ್ಕನ ಮನೆಯ ಆ ಮೂಲೆಯಲ್ಲಿ ನಡೆಯುತ್ತಿದ್ದದ್ದು ಇಷ್ಟೇ: ಇಲ್ಲದ ಮನೆಯೊಂದರ ಬಾಗಿಲನ್ನು ಅದು ರಾತ್ರಿಯಿಡೀ ಹುಡುಕುತ್ತಿತ್ತು. ಅದರ ವೈಜ್ಞಾನಿಕ ಹೆಸರಿನ ಎರಡನೆಯ ಪದ ‘ಉಂಗ್ವಿಕ್ಯುಲೇಟಸ್’ಗೆ ಉಗುರುಳ್ಳದ್ದು ಎಂದರ್ಥ. ಉಗುರನ್ನೇ ಹೆಸರಾಗಿ ಹೊತ್ತ ಜೀವಕ್ಕೆ ನಾವು ಉಗುರು ಇಳಿಯದ ನೆಲ ಕೊಟ್ಟಿದ್ದೇವೆ.

ಕಾನೂನು ಏನನ್ನುತ್ತದೆ? ಪ್ರಾಣಿಹಿಂಸೆ ತಡೆಯುವ 1960ರ ಕಾಯ್ದೆ ನಮ್ಮಲ್ಲಿದೆ. ಪ್ರಾಣಿ ಅಲುಗಾಡಲು ಬೇಕಾದಷ್ಟು ಎತ್ತರ, ಉದ್ದ, ಅಗಲ ಇಲ್ಲದ ಪಂಜರದಲ್ಲಿಡುವುದು ಅದರ ಪ್ರಕಾರ ಅಪರಾಧ. ಒಳ್ಳೆಯ ಮಾತು. ಆದರೆ ಎತ್ತರ, ಉದ್ದ, ಅಗಲ ಎಂದು ಬರೆದವರ ಕಣ್ಣಿಗೆ ನೆಲದ ಮೇಲೆ ಬದುಕುವ ಪ್ರಾಣಿ ಇತ್ತು. ಜರ್ಬಿಲ್ ಬದುಕುವುದು ಆಳದಲ್ಲಿ. ಆಳದ ಮಾತು ಆ ಸಾಲಿನಲ್ಲಿಲ್ಲ. 2018ರಲ್ಲಿ ಸಾಕುಪ್ರಾಣಿ ಅಂಗಡಿಗಳಿಗೆಂದೇ ನಿಯಮಗಳು ಬಂದವು. ಅಂಗಡಿ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಬೇಕು. ಆ ನಿಯಮಗಳು ಹ್ಯಾಮ್‌ಸ್ಟರ್, ಇಲಿ ಜಾತಿಯ ಜೀವಗಳನ್ನೂ ಸಾಕುಪ್ರಾಣಿಗಳೆಂದೇ ಎಣಿಸುತ್ತವೆ. ಅಂಗಡಿಯ ಬಾಗಿಲು ದಾಟಿ ಮಗುವಿನ ಕೋಣೆ ಸೇರಿದ ಮೇಲೆ ಯಾರು ಬಂದು ನೋಡುತ್ತಾರೆ? ಬ್ರಿಟನ್ನಿನ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2006ರ ಕಾಯ್ದೆ ಹದಿನಾರರೊಳಗಿನ ಮಕ್ಕಳಿಗೆ ಪ್ರಾಣಿ ಮಾರುವುದನ್ನೇ ನಿಷೇಧಿಸಿದೆ. ಮಗುವಿನ ಹೆಸರಿನಲ್ಲಿ ಸಾಕಿದ ಪ್ರಾಣಿಯ ಹೊಣೆ ಆ ಮಗುವನ್ನು ನೋಡಿಕೊಳ್ಳುವ ದೊಡ್ಡವರದೇ ಎಂದು ಅದು ಬಿಡಿಸಿ ಹೇಳುತ್ತದೆ. ಜರ್ಬಿಲ್ ಸಾಕುವ ಪದ್ಧತಿ ಚೆನ್ನಾಗಿ ಬೇರೂರಿದ ನಾಡಿನ ಕಾನೂನೇ ಮಗು ಜವಾಬ್ದಾರಿ ಹೊರಲಾರದು ಎಂದು ಒಪ್ಪಿಕೊಂಡಿದೆ. ನಾವು ಪದ್ಧತಿಯನ್ನಷ್ಟೇ ತಂದುಕೊಂಡೆವು.

ಕಾನೂನನ್ನು ಬಿಡಿ. ಕನ್ನಡ ನುಡಿಯೇ ಈ ಮಾತನ್ನು ಎಂದೋ ಹೇಳಿದೆ. ‘ಸಾಕು’ ಎಂಬ ಕ್ರಿಯಾಪದವನ್ನು ನಾವು ಎಲ್ಲೆಲ್ಲಿ ಬಳಸುತ್ತೇವೆ ನೋಡಿ: ಸಾಕುತಾಯಿ, ಸಾಕುಮಗ, ಸಾಕಿ ಸಲಹಿದವರು. ಅದು ತಾಯ್ತನದ ಮನೆಯಿಂದ ಬಂದ ಪದ. ಬಲ್ಲವರು ಅರಿಯದವರನ್ನು, ದೊಡ್ಡವರು ಸಣ್ಣವರನ್ನು ಸಾಕುತ್ತಾರೆ. ತಾನೇ ಇನ್ನೂ ಸಾಕಿಸಿಕೊಳ್ಳುತ್ತಿರುವ ಎಂಟು ವರ್ಷದ ಮಗು ಇನ್ನೊಂದು ಜೀವವನ್ನು ಸಾಕಲಾರದು. ಸಾಕುವವರ ಜೊತೆ ನಿಂತು ಕೈಜೋಡಿಸಬಲ್ಲದು, ಅಷ್ಟೇ. ಅದೇ ‘ಸಾಕು’ ನಮ್ಮಲ್ಲಿ ‘ಇಷ್ಟಾಯಿತಲ್ಲ, ಇನ್ನು ಬೇಡ’ ಎಂಬುದಕ್ಕೂ ಬಳಕೆಯಲ್ಲಿದೆ. ಪಂಜರದ ಮನೆಗಳಲ್ಲಿ ಎರಡನೆಯ ಅರ್ಥ ಬಹಳ ಬೇಗ ಬರುತ್ತದೆ. ಮೂರನೆಯ ವಾರಕ್ಕೆ ಹುಡುಗನಿಗೆ ಸಾಕಾಯಿತು. ಆಮೇಲೆ ಹೊಟ್ಟು ಬದಲಿಸಿದವಳು, ನೀರಿನ ಬಾಟಲಿ ತೊಳೆದವಳು, ಊರಿಗೆ ಹೊರಟಾಗ ಪಕ್ಕದ ಮನೆಯವರಿಗೆ ಪಂಜರ ಒಪ್ಪಿಸಿ ಸಂಕೋಚಪಟ್ಟವಳು ನಮ್ಮ ಅಕ್ಕ. ಜವಾಬ್ದಾರಿಯ ಪಾಠ ಮಗನಿಗೆ, ಮನೆಕೆಲಸ ತಾಯಿಗೆ. ಈ ಲೆಕ್ಕವೂ ಸಲಹೆ ಕೊಡುವವರ ಪಟ್ಟಿಯಲ್ಲಿಲ್ಲ.

ಇಷ್ಟೆಲ್ಲ ನಡೆದದ್ದನ್ನು ನಾನು ಊರಿಗೆ ಹೋದಾಗ ಅವ್ವನಿಗೆ ಹೇಳಿದೆ. ನಮ್ಮೂರು ಖಜೂರಿ, ಆಳಂದ ತಾಲ್ಲೂಕು, ಮಹಾರಾಷ್ಟ್ರದ ಗಡಿಗೆ ಹತ್ತಿರದ ಹೋಬಳಿ ಊರು. ಅವ್ವ ಜೋಳ ಹಸನು ಮಾಡುತ್ತ ಕೇಳಿಸಿಕೊಂಡಳು. ಕೊನೆಗೆ ಇಷ್ಟೇ ಅಂದಳು: “ಇಲಿಗಿ ರೊಕ್ಕಾ ಕೊಟ್ಟು ತರ್ತಾರಾ? ನಮ್ಮ ಹೊಲದಾಗ ಬೇಕಾದಷ್ಟ್ ಅವ, ಬಂದು ಒಯ್ಯಂತ ಹೇಳು.”

ಅವ್ವ ನಗೆಯಾಡಿದ್ದು ನಿಜ. ಆದರೆ ಅವಳ ಮಾತಿನಲ್ಲಿ ಪ್ರಾಣಿಶಾಸ್ತ್ರವೂ ಇದೆ. ಭಾರತದ ಜರ್ಬಿಲ್ ಎಂದು ಪುಸ್ತಕಗಳಲ್ಲಿ ಹೆಸರಿರುವ ‘ಟಟೆರಾ ಇಂಡಿಕಾ’ ನಮ್ಮ ಬಯಲುಸೀಮೆಯ ಹೊಲ, ಬೀಳು, ಬದುಗಳಲ್ಲಿ ಇರುವಂಥದ್ದೇ. ಬೆನ್ನು ಕಂದು, ಹೊಟ್ಟೆ ಬಿಳಿ, ಬಾಲದ ತುದಿಗೆ ಕಪ್ಪು ಕುಚ್ಚು. ರಾತ್ರಿ ಹೊರಬರುತ್ತದೆ, ಬೆದರಿದರೆ ಕುಪ್ಪಳಿಸಿ ಓಡುತ್ತದೆ. ನಮ್ಮ ಮನೆಯಲ್ಲಿ ಅದಕ್ಕೆ ಬೇರೆ ಹೆಸರಿಲ್ಲ, ಹೊಲದಿಲಿ ಅಂದರೆ ಮುಗಿಯಿತು. ಪೇಟೆಯಲ್ಲಿ ಪಂಜರ ಸಮೇತ ಮಾರಾಟವಾಗುವ ಜೀವದ ದಾಯಾದಿ ನಮ್ಮ ತೊಗರಿ ಹೊಲದಲ್ಲಿ ಕಳ್ಳ.

ಕಳ್ಳನಿಗೆ ನಾವು ಏನು ಮಾಡುತ್ತೇವೆ? ಸತುವಿನ ಫಾಸ್ಫೈಡ್ ಇಡುತ್ತೇವೆ. ಕಪ್ಪು ಪುಡಿ, ಎಣ್ಣೆ ಸವರಿದ ಕಾಳಿಗೆ ಬೆರೆಸುವುದು. ಹೊಟ್ಟೆಯ ಆಮ್ಲ ತಾಗಿದ ಕೂಡಲೇ ಅದರಿಂದ ವಿಷಾನಿಲ ಏಳುತ್ತದೆ. ಇಲಿಗಳು ಸಂಶಯದ ಜೀವಗಳು, ಹೊಸ ತಿನಿಸನ್ನು ನಂಬುವುದಿಲ್ಲ. ಆದ್ದರಿಂದ ಮೊದಲ ಎರಡು ಮೂರು ದಿನ ವಿಷ ಬೆರೆಸದ ಕಾಳನ್ನೇ ಬಿಲದ ಬಾಯಿಗೆ ಇಡಬೇಕು ಎಂದು ಕೃಷಿ ಇಲಾಖೆಯವರು ಹೇಳಿಕೊಡುತ್ತಾರೆ. ರುಚಿ ಹತ್ತಿ ನಂಬಿಕೆ ಬಂದ ಮೇಲೆ ವಿಷ. ಇದನ್ನು ಓದಿ ಮುಖ ಸಿಂಡರಿಸುವವರು ತಮ್ಮ ಮನೆಯ ತೊಗರಿ ಬೇಳೆಯನ್ನೊಮ್ಮೆ ನೆನೆಯಲಿ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು, ಹೆಮ್ಮೆಪಟ್ಟೆವು. ಆ ಬೇಳೆ ನಿಮ್ಮ ಕುಕ್ಕರಿಗೆ ಬರುವ ದಾರಿಯಲ್ಲಿ ಇಲಿಯ ಬಿಲವೂ ಇದೆ. ಮಳೆ ಕೈಕೊಟ್ಟ ವರ್ಷ ಉಳಿದದ್ದನ್ನು ಇಲಿ ತಿಂದರೆ ಸಾಲ ಕಟ್ಟಬೇಕಾದವನು ರೈತ. ಅವನಿಗೆ ಅಹಿಂಸೆಯ ಉಪದೇಶ ಮಾಡುವ ಧೈರ್ಯ ನನಗಿಲ್ಲ.

ಆದರೂ ಒಂದು ಮಾತು ಹೇಳಲೇಬೇಕು. ಇಲಿಯನ್ನು ಕೊಲ್ಲುವ ನಮ್ಮ ಕಾಕಾನಿಗೆ ಇಲಿಯ ಬಗ್ಗೆ ಗೊತ್ತಿರುವಷ್ಟು ಅದನ್ನು ಮುದ್ದಿಸುವ ಮನೆಗೆ ಗೊತ್ತಿಲ್ಲ. ಯಾವ ಬಿಲದಲ್ಲಿ ಇಲಿ ಇದೆ, ಯಾವುದು ಬರಿದು ಎಂದು ಅವನಿಗೆ ತಿಳಿಯುವುದು ಬಿಲದ ಬಾಯಿಗೆ ಮಣ್ಣು ಮುಚ್ಚಿ ಮರುದಿನ ಬಂದು ನೋಡಿ. ತೆರೆದಿದ್ದರೆ ಇದೆ. ಒಂದು ಬಿಲಕ್ಕೆ ಒಂದೇ ಬಾಯಿ ಇರುವುದಿಲ್ಲ, ತಪ್ಪಿಸಿಕೊಳ್ಳಲು ಇನ್ನೊಂದು ಇದ್ದೇ ಇರುತ್ತದೆ ಎಂಬುದು ಅವನಿಗೆ ಗೊತ್ತು. ಇಲಿ ಹೆಚ್ಚಿದ ವರ್ಷ ಗೂಗೆ ಹೆಚ್ಚು ಕೂಗುತ್ತದೆ, ಕೇರೆ ಹಾವು ಹೆಚ್ಚು ಕಾಣುತ್ತದೆ ಎಂಬುದೂ ಗೊತ್ತು. ಅವನಿಗೆ ಇಲಿ ಎದುರಾಳಿ. ಎದುರಾಳಿ ಎಂದಮೇಲೆ ಅದಕ್ಕೊಂದು ಬುದ್ಧಿ, ಒಂದು ಮನೆ, ಒಂದು ಉಪಾಯ ಇದೆ ಎಂದು ಅವನು ಒಪ್ಪಿದಂತಾಯಿತು. ಮೊದಲ ಸಾಕುಪ್ರಾಣಿಯ ಮನೆ ಇಷ್ಟನ್ನೂ ಒಪ್ಪುವುದಿಲ್ಲ. ಅಲ್ಲಿ ಇಲಿಗೆ ಮನೆಯೂ ಇಲ್ಲ, ಉಪಾಯವೂ ಇಲ್ಲ, ಬರೀ ಮುದ್ದು ಮುಖ.

ಹಾಗಾದರೆ ಹಳ್ಳಿಯ ಮಕ್ಕಳು ಪುಣ್ಯವಂತರೇ ಎಂದು ಕೇಳಬಹುದು. ಇಲ್ಲ. ಬಾಲಕ್ಕೆ ದಾರ ಕಟ್ಟಿ ಇಲಿಯನ್ನು ಎಳೆದಾಡುವ ಹುಡುಗರನ್ನು ನಾನು ನೋಡಿದ್ದೇನೆ. ನಾಯಿಮರಿಯ ಮೇಲೆ ಕಲ್ಲೆಸೆಯುವವರನ್ನೂ ನೋಡಿದ್ದೇನೆ. ಎದೆಗವಚಿಕೊಂಡು ಬೆಳೆಸಿದ ಆಡಿನ ಮರಿಯನ್ನು ಸಂತೆಗೆ ಹೊಡೆದುಕೊಂಡು ಹೋದ ದಿನ ಉಣ್ಣದೆ ಮಲಗಿದ ಮಕ್ಕಳೂ ನಮ್ಮೂರಲ್ಲಿದ್ದಾರೆ. ಹಳ್ಳಿಯ ಕೈಗಳೇನೂ ಶುಚಿಯಲ್ಲ. ಆದರೆ ಆ ಆಡನ್ನು ಯಾರೂ ಮಗುವಿನ ವ್ಯಕ್ತಿತ್ವ ವಿಕಸನಕ್ಕೆಂದು ತಂದಿರಲಿಲ್ಲ. ಅದು ಮನೆಯ ಬದುಕಿನ ಪಾಲುದಾರ. ಅದನ್ನು ಸಾಕಿದವರು ದೊಡ್ಡವರು, ಮಗು ಜೊತೆಗಿತ್ತು. ಅದರ ಸಾವು ಸುಲಭದ ಪಾಠವೂ ಆಗಲಿಲ್ಲ, ದುಃಖವಾಗಿಯೇ ಉಳಿಯಿತು. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನಲ್ಲಿ ಎತ್ತು ಮಾಡುವ ನಮ್ಮ ಮಕ್ಕಳಿಗೆ ಒಂದು ವಿಷಯ ಯಾರೂ ಹೇಳಿಕೊಡಬೇಕಿಲ್ಲ: ತಾಲೀಮಿಗೆ ಮಣ್ಣಿನ ಎತ್ತು, ಕೊಟ್ಟಿಗೆಯಲ್ಲಿರುವುದು ಜೀವದ ಎತ್ತು. ಜರ್ಬಿಲ್ ತರುವ ಮನೆಗಳು ಈ ಎರಡನ್ನೂ ಕಲಸಿಬಿಟ್ಟಿವೆ. ಜೀವದ ಇಲಿಯನ್ನೇ ಮಣ್ಣಿನ ಎತ್ತು ಮಾಡಿಕೊಂಡಿವೆ.

ಸಾವಿನ ಪಾಠದ ವಾದ ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸುವಂಥದ್ದು. ಅಜ್ಜ ಅಜ್ಜಿಯರ ಸಾವಿಗೆ ಮೊದಲು ಸಣ್ಣ ಪ್ರಾಣಿಯೊಂದರ ಸಾವು ಕಂಡರೆ ಮಗು ಗಟ್ಟಿಯಾಗುತ್ತದಂತೆ. ಆಯುಷ್ಯ ಕಡಿಮೆ ಇರುವ ಪ್ರಾಣಿಯನ್ನು ಆರಿಸುವುದು ಅದಕ್ಕೇ ಅಂತೆ. ಸಾಯಲಿ ಎಂದು ತಂದ ಜೀವವನ್ನು ಸಾಕುಪ್ರಾಣಿ ಎನ್ನುವುದು ಹೇಗೆ? ಅದು ಲಸಿಕೆ. ಸತ್ತ ಮರುದಿನ ಅಂಥದ್ದೇ ಇನ್ನೊಂದನ್ನು ಅಂಗಡಿಯಿಂದ ತಂದಿಟ್ಟರೆ ಮಗು ಕಲಿಯುವುದು ಸಾವನ್ನಲ್ಲ, ಬದಲಿ ಸಿಗುತ್ತದೆ ಎಂಬುದನ್ನು. ಸಾವನ್ನು ಮಕ್ಕಳ ಹತ್ತಿರ ತರಲು ಕನ್ನಡಕ್ಕೆ ಪಂಜರ ಬೇಕಾಗಿರಲಿಲ್ಲ. ಪುಣ್ಯಕೋಟಿಯ ಹಾಡು ಕೇಳಿ ಅತ್ತ ಮಕ್ಕಳ ತಲೆಮಾರುಗಳೇ ಇವೆ. ಅಲ್ಲಿ ಹಸುವೂ ಕರುವೂ ಹುಲಿಯೂ ತಮ್ಮ ತಮ್ಮ ಬದುಕಿನ ಭಾರ ಹೊತ್ತವು, ಕೇಳುವ ಮಗುವಿನ ತಾಲೀಮಿಗೆ ಬಂದವಲ್ಲ.

ಇಲಿ ಮತ್ತು ಮಕ್ಕಳು ಎಂದಾಗ ಕನ್ನಡದ ಓದುಗರಿಗೆ ನೆನಪಾಗುವುದು ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ಬ್ರೌನಿಂಗ್‌ನ ಕವಿತೆಯನ್ನು ತುಂಗಾ ತೀರಕ್ಕೆ ತಂದು ನಮ್ಮದೇ ಮಾಡಿದ ಕಥನ ಅದು. ಸಾಲುಸಾಲು ಇಲಿಗಳನ್ನು ಎಣಿಸುತ್ತ ನಕ್ಕ ನಾವು ಅದರ ಕೊನೆಯನ್ನು ಮರೆಯುತ್ತೇವೆ. ಮೊದಲು ಇಲಿಗಳನ್ನು ಎಳೆದೊಯ್ದ ಅದೇ ಕಿಂದರಿ ಆಮೇಲೆ ಮಕ್ಕಳನ್ನೂ ಎಳೆದೊಯ್ಯುತ್ತದೆ. ಆ ಊರು ಕಳೆದುಕೊಂಡದ್ದು ದೊಡ್ಡವರು ಕೊಟ್ಟ ಮಾತು ಉಳಿಸಿಕೊಳ್ಳದ್ದರಿಂದ. ಇಲಿಯ ವಿಷಯದಲ್ಲಿ ಕೈತೊಳೆದುಕೊಂಡವರು ಮಕ್ಕಳ ವಿಷಯದಲ್ಲೂ ಸೋಲುತ್ತಾರೆ ಎಂದು ನಾನು ಆ ಕವಿತೆಯನ್ನು ಓದಿಕೊಂಡಿದ್ದೇನೆ. ಬೇರೆ ಓದುಗಳಿಗೂ ಅಲ್ಲಿ ಜಾಗವಿದೆ.

ಈಗ ನನ್ನ ಎದುರಿನವರ ಗಟ್ಟಿ ವಾದಕ್ಕೆ ಬರುತ್ತೇನೆ. ‘ನಿಮಗೆ ಹೊಲ ಇದೆ, ಮಾತಾಡುತ್ತೀರಿ. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಹುಟ್ಟಿದ ಮಗು ಪ್ರಾಣಿಯನ್ನು ಮುಟ್ಟುವುದೇ ಬೇಡವೇ? ಮುಟ್ಟದೆ ಪ್ರೀತಿ ಹುಟ್ಟುವುದು ಹೇಗೆ?’ ಈ ಪ್ರಶ್ನೆ ಹಗುರವಲ್ಲ. ಪ್ರಾಣಿಯೇ ಇಲ್ಲದ ಬಾಲ್ಯ ಬಡ ಬಾಲ್ಯವೇ. ಆದರೆ ಮುಟ್ಟುವುದೇ ಪ್ರೀತಿಯ ಮೊದಲ ಮೆಟ್ಟಿಲು ಎಂಬುದನ್ನು ನಾನು ಒಪ್ಪುವುದಿಲ್ಲ. 1980ರಲ್ಲಿ ಬಂದ ತೇಜಸ್ವಿಯವರ ‘ಕರ್ವಾಲೊ’ ಓದಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹಾರುವ ಓತಿಯ ಬೆನ್ನು ಹತ್ತಿ ಕಾಡೆಲ್ಲ ಅಲೆದವರ ಕೈಗೆ ಕೊನೆಗೆ ಅದು ಸಿಗುವುದಿಲ್ಲ. ಸಿಗದಿದ್ದರೂ ಆ ಗುಂಪು ಬರಿಗೈಯಲ್ಲಿ ಮರಳಿತು ಎಂದು ಯಾವ ಓದುಗನಿಗೂ ಅನ್ನಿಸುವುದಿಲ್ಲ. ಪಡೆಯದೆಯೂ ಕಾಣಬಹುದು ಎಂಬುದನ್ನು ಕನ್ನಡದ ಒಂದು ಇಡೀ ಪೀಳಿಗೆ ಆ ಪುಸ್ತಕದಿಂದ ಕಲಿಯಿತು. ಫ್ಲ್ಯಾಟಿನ ಮಗುವಿಗೂ ಬಾಲ್ಕನಿಗೆ ಬರುವ ಅಳಿಲಿದೆ, ನೀರಿನ ಬಟ್ಟಲಿಗೆ ಬರುವ ಗುಬ್ಬಿಯಿದೆ, ಗೋಡೆಯ ಹಲ್ಲಿಯಿದೆ, ಬೀದಿಯ ನಾಯಿಯಿದೆ. ಇವುಗಳಿಗೆ ಮಗುವಿನ ಕೈಯಿಂದ ಓಡಿಹೋಗುವ ಸ್ವಾತಂತ್ರ್ಯವಿದೆ. ಓಡಿಹೋಗಬಲ್ಲ ಪ್ರಾಣಿ ಓಡದೆ ನಿಂತರೆ ಮಾತ್ರ ಅದು ಮಗುವನ್ನು ನಂಬಿದೆ ಎಂದರ್ಥ. ಪಂಜರದೊಳಗಿನ ಪ್ರಾಣಿ ನಿಂತದ್ದಕ್ಕೆ ಏನರ್ಥ?

ಇನ್ನು, ಅವ್ವನ ನಗೆಮಾತನ್ನು ಯಾರೂ ನಿಜವೆಂದುಕೊಂಡು ಹೊಲದಿಲಿ ಹಿಡಿಯಲು ಬರಬೇಡಿ. ಬಿಲದಲ್ಲಿ ಇಲಿಯಷ್ಟೇ ಅಲ್ಲ, ಹಾವೂ ಇರುತ್ತದೆ. ಇಲಿಯ ಉಚ್ಚೆಯಿಂದ ಇಲಿಜ್ವರ ಬರುತ್ತದೆ. ಪ್ಲೇಗಿನ ರೋಗಾಣುವನ್ನು ಊರಾಚೆ ಉಳಿಸಿಕೊಂಡು ಬರುವ ಇಲಿಗಳಲ್ಲಿ ಭಾರತದ ಜರ್ಬಿಲ್ ಕೂಡ ಒಂದು. 1994ರಲ್ಲಿ ಪ್ಲೇಗಿನ ಸುದ್ದಿ ಎದ್ದದ್ದು ಮರಾಠವಾಡದ ಬೀಡ್ ಜಿಲ್ಲೆಯಲ್ಲಿ, ನಮಗೆ ಅದು ಪರದೇಶವಲ್ಲ. ಹಾಗೆಯೇ ಬೇಸರವಾಯಿತೆಂದು ಪಂಜರದ ಜರ್ಬಿಲ್ ಅನ್ನು ತಂದು ಬಯಲಿಗೆ ಬಿಡುವುದೂ ತಪ್ಪು. ಎಷ್ಟೋ ತಲೆಮಾರು ಪಂಜರದಲ್ಲೇ ಹುಟ್ಟಿದ ಅದಕ್ಕೆ ಗೂಗೆ ಏನೆಂದು ಗೊತ್ತಿಲ್ಲ. ಗೊತ್ತಾಗಿ ಬದುಕಿ ಉಳಿದರೂ ಅಪಾಯವೇ. ಹಾಗಾದೀತೆಂಬ ಭಯಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜರ್ಬಿಲ್ ಸಾಕುವುದಕ್ಕೇ ಅನುಮತಿಯಿಲ್ಲ.

ಈಗಾಗಲೇ ಮನೆಗೆ ತಂದವರು ಏನು ಮಾಡಬೇಕು? ಮೊದಲನೆಯದಾಗಿ, ಅದು ಮಗುವಿನದೆಂದು ಹೇಳುವುದನ್ನು ನಿಲ್ಲಿಸಿ. ಅಪ್ಪನೋ ಅವ್ವನೋ ಒಬ್ಬರು ತಮ್ಮದೆಂದು ಒಪ್ಪಿಕೊಳ್ಳಿ. ಸರಳಿನ ಪಂಜರ ಬಿಟ್ಟು ಗಾಜಿನ ತೊಟ್ಟಿಗೆ ಬದಲಾಯಿಸಿ, ಅದರಲ್ಲಿ ಒಂದಡಿಗೆ ಕಡಿಮೆಯಿಲ್ಲದಂತೆ ಹೊಟ್ಟು, ಒಣಹುಲ್ಲು ಅಮುಕಿ ತುಂಬಿ. ತೋಡಿದ ಸುರಂಗ ಕುಸಿಯದೆ ನಿಲ್ಲಬೇಕು. ಒಳಗೆ ಕತ್ತಲ ಗೂಡು, ಅದಕ್ಕೆ ಸುರಂಗದ ದಾರಿ. ಅದು ಗುಂಪಿನ ಜೀವ, ಒಂಟಿಯಾಗಿ ಇಡಬೇಡಿ; ಆದರೆ ಒಂಟಿ ಇಲಿಯ ಜೊತೆಗೆ ಅಪರಿಚಿತ ಇಲಿಯನ್ನು ಸುಮ್ಮನೆ ಬಿಟ್ಟರೆ ಕಚ್ಚಾಡಿ ಸಾಯುತ್ತವೆ, ಬಲ್ಲ ಪಶುವೈದ್ಯರನ್ನು ಕೇಳಿ. ಬಾಲ ಹಿಡಿಯಬೇಡಿ. ಅಂಗೈ ಚಾಚಿ ಕಾಯಿರಿ, ಬಂದರೆ ಬರಲಿ. ಹೀಗೆ ಮಾಡಿದರೆ ನಿಮಗೆ ಅದು ಅಷ್ಟಾಗಿ ಕಾಣಿಸುವುದೇ ಇಲ್ಲ, ಒಳಗೆಲ್ಲೋ ಇರುತ್ತದೆ. ಕಾಣದಿದ್ದರೆ ಸಾಕಿ ಏನು ಪ್ರಯೋಜನ ಎಂದು ಆಗ ಅನ್ನಿಸಿದರೆ, ತಂದದ್ದು ಇಲಿಗಾಗಿ ಅಲ್ಲ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನೂ ತರದವರಿಗೆ ಒಂದು ಕೋರಿಕೆ. ನಮ್ಮ ಕಡೆ ಎಳ್ಳ ಅಮಾವಾಸ್ಯೆಗೆ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಸಜ್ಜೆ ರೊಟ್ಟಿ, ಭಜ್ಜಿ ಕಟ್ಟಿಕೊಂಡು ಹೋಗಿ, ತಾವು ಉಣ್ಣುವ ಮೊದಲು ಹೊಲದ ತುಂಬ ಚರಗ ಚೆಲ್ಲುತ್ತಾರೆ. ಚೆಲ್ಲಿದ ಅನ್ನ ಭೂಮಿತಾಯಿಗೆ ಎನ್ನುತ್ತಾರೆ. ಸಂಜೆಯೊಳಗೆ ಅದನ್ನು ಹಕ್ಕಿ ಇರುವೆಗಳು, ಕತ್ತಲಾದ ಮೇಲೆ ಇಲಿಗಳು ತಿನ್ನುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಮುಂದಿನ ತಿಂಗಳು ಅದೇ ಕೈ ಅದೇ ಬಿಲಕ್ಕೆ ವಿಷವನ್ನೂ ಇಟ್ಟೀತು. ಈ ವಿರೋಧವನ್ನು ನಾವು ಬಚ್ಚಿಟ್ಟಿಲ್ಲ, ಮಕ್ಕಳ ಕಣ್ಣೆದುರೇ ಬದುಕುತ್ತೇವೆ. ಪೇಟೆಯ ಮಕ್ಕಳನ್ನೂ ಒಂದು ಸಂಜೆ ಇಂಥ ಹೊಲದ ಬದುವಿಗೆ ಕರೆತನ್ನಿ. ಬಿಲದಿಂದ ಹತ್ತು ಮಾರು ದೂರ, ಗಾಳಿಗೆದುರಾಗಿ, ಮಾತಾಡದೆ ಕೂರಿಸಿ. ಅಂದು ಇಲಿ ಹೊರಬರಬಹುದು, ಬರದಿರಲೂಬಹುದು. ಬರುವುದು ಬಿಡುವುದು ಇಲಿಯ ಇಷ್ಟ ಎಂಬುದು ಮಗುವಿಗೆ ಆ ಸಂಜೆ ತಿಳಿದರೆ, ನಾಯಿ ಸಾಕಲು ಬೇಕಾದ ಅರ್ಧ ವಿದ್ಯೆ ಅದಕ್ಕೆ ಬಂದಂತೆ. ಉಳಿದರ್ಧವನ್ನು ಮಗು ಕಲಿಯುವುದು ದೊಡ್ಡವರು ಸಾಕುವುದನ್ನು ನೋಡಿ. ಅದಕ್ಕೆ ಮೊದಲು ದೊಡ್ಡವರಿಗೆ ಸಾಕಲು ಬರಬೇಕು.